ಬೋಲ್ಟುಗಳ ಮಡಿ

ನಮ್ಮ ಮನೆಯಲ್ಲಿ ಮಡಿಯವರು ಇಬ್ಬರಿದ್ದರು. ಒಬ್ಬರು ಅಪ್ಪ, ಪೌರೋಹಿತ್ಯ ಮಾಡುತ್ತಿದ್ದವರು. ಇನ್ನೊಬ್ಬ ಅಣ್ಣ, ಎಂಜಿನ್ ರಿಪೇರಿ ಮಾಡುತ್ತಿದ್ದವನು. ಅಪ್ಪನ ಮಡಿ ಪಂಚೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಅಣ್ಣನ ತೊಳೆದ ಬೋಲ್ಟನ್ನೂ ಯಾರೂ ಮುಟ್ಟುವ ಹಾಗಿರಲಿಲ್ಲ. ಪಂಚೆಯನ್ನು ಕೋಲಿನಿಂದ ಗಳದ ಮೇಲೆ ಹರವುವವಳು ನಾನು, ಬೋಲ್ಟುಗಳನ್ನು ಬಿಳಿ ಅರಿವೆಯ ಮೇಲೆ ಸಾಲಾಗಿ ಇಡುವವಳೂ ನಾನು. ಎಲ್ಲಿ ಬೆರಳು ತಗುಲಿದರೂ ಬೈಸಿಕೊಳ್ಳುವವಳು ಮಾತ್ರ ನಾನೊಬ್ಬಳೇ. ನನಗೂ ಸಿಟ್ಟು ಬೇಗ ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ಇಬ್ಬರು ಮಡಿವಂತರ ನಡುವೆ ಮೂರನೆಯವರ ಸಿಟ್ಟಿಗೆ ಯಾವ ಬೆಲೆ?

ಎಪ್ಪತ್ತರ ದಶಕದ ಕೊನೆಯ ಮಾತಿದು. ನಮ್ಮ ಮನೆ ಬೈಲಹೊಂಗಲದಲ್ಲಿ. ಅವ್ವ ತೀರಿಕೊಂಡು ಕೆಲವು ವರ್ಷ ಆಗಿದ್ದವು. ನನ್ನ ಮೆಟ್ರಿಕ್ ಮುಗಿದಿತ್ತು, ಮದುವೆ ಇನ್ನೂ ಆಗಿರಲಿಲ್ಲ. ಅಪ್ಪ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಸವದತ್ತಿಯ ಬಸ್ಸನ್ನೋ ಕಿತ್ತೂರಿನ ಬಸ್ಸನ್ನೋ ಹಿಡಿದು ಶ್ರಾದ್ಧಕ್ಕೆ, ವಾಸ್ತುಶಾಂತಿಗೆ ಹೋಗುತ್ತಿದ್ದರು. ಮಗನೂ ತಮ್ಮ ಹಿಂದೆ ಜೋಳಿಗೆ ಹಿಡಿದು ಬರುತ್ತಾನೆಂದು ಅವರ ಲೆಕ್ಕ. ಮಗನಿಗೆ ಮಂತ್ರ ಬಾಯಿಪಾಠ ಬರುತ್ತಿತ್ತು, ಆದರೆ ಕಿವಿ ಮಾತ್ರ ಓಣಿಯಲ್ಲಿ ಹೋಗುವ ಟ್ರ್ಯಾಕ್ಟರಿನ ಸಪ್ಪಳದ ಕಡೆಗೆ. ಒಂದು ದಿನ ಬೆಳಗಾವಿಗೆ ಹೋದವನು ಎರಡು ವರ್ಷ ಅಲ್ಲೇ ಇದ್ದು ಕೆಲಸ ಕಲಿತು ಬಂದ. ನಮ್ಮ ಹಿತ್ತಲ ಗೋಡೆಗೆ ಹೊಂದಿಕೊಂಡ ಖಾಲಿ ಜಾಗದಲ್ಲಿ ತಗಡು ಹೊದಿಸಿ ವರ್ಕ್‌ಶಾಪ್ ತೆಗೆದ. ಎಣ್ಣೆ ಎಂಜಿನ್ನು, ನೀರೆತ್ತುವ ಪಂಪು, ಕಬ್ಬಿನ ಗಾಣ ಎಲ್ಲವೂ ಅವನ ಹತ್ತಿರ ಬರುತ್ತಿದ್ದವು.

ಅಪ್ಪ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅವರು ವರ್ಕ್‌ಶಾಪಿಗೆ ಕಾಲಿಡಲಿಲ್ಲ, ಮಗನ ಜೊತೆ ನೇರವಾಗಿ ಮಾತಾಡುವುದನ್ನೂ ಬಿಟ್ಟರು. ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಾಗಲೂ ಅವರ ಮಾತು ನನ್ನ ಮೂಲಕವೇ ದಾಟಬೇಕು.

“ನಿಮ್ಮಣ್ಣಗ ಹೇಳು, ಉಗುರು ಸ್ವಚ್ಛ ತೊಳಕೊಂಡು ಕೂಡು ಅಂತ.”

“ಅಪ್ಪಗ ಹೇಳು, ತೊಳಕೊಂಡೇನಿ, ಇದು ಹೋಗೂ ಕರಿ ಅಲ್ಲ ಅಂತ.”

“ಇಬ್ರಿಗೂ ಹೇಳ್ತೇನಿ, ಸಾರು ಆರ್ಲಿಕ್ಕೆ ಹತ್ತೇದ” ಎನ್ನುತ್ತಿದ್ದೆ ನಾನು.

ಓದುವವರಿಗೆ ನಗು ಬರಬಹುದು. ನನಗೂ ಆಗ ನಗು ಬರುತ್ತಿತ್ತು. ಎಷ್ಟು ವರ್ಷ ಹೀಗೇ ನಗುತ್ತಾ ಕಳೆದೆವಲ್ಲ ಎಂದು ಈಗ ಅನಿಸುತ್ತದೆ.

ಅಣ್ಣನ ಮಡಿಯ ವಿಷಯ ಹೇಳಿದೆನಲ್ಲ, ಅದಕ್ಕೆ ಕಾರಣ ಒಂದು ಸಣ್ಣ ಬಾಟಲಿ. ಗಾಣ ಓಡಿಸುವ ಎಂಜಿನ್ನು ಹಗಲೆಲ್ಲ ಗಡಗಡ ನಡುಗುತ್ತದೆ. ಎಷ್ಟೇ ಬಿಗಿದ ಬೋಲ್ಟಾದರೂ ನಡುಗಿ ನಡುಗಿ ಸಡಿಲಾಗುತ್ತದೆ. ಮೊದಲೆಲ್ಲ ಬೋಲ್ಟಿಗೆ ಅರಗು ಸವರುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು, ನೂಲು ಸುತ್ತುತ್ತಿದ್ದರು. ಬೆಳಗಾವಿಯ ಗೆಳೆಯನೊಬ್ಬ ಅಣ್ಣನಿಗೆ ಬೆರಳುದ್ದದ ಬಾಟಲಿಯಲ್ಲಿ ಕೆಂಪು ಅಂಟು ತಂದುಕೊಟ್ಟ. ಬೋಲ್ಟಿಗೆ ಒಂದು ಹನಿ ಹಾಕಿ ತಿರುಗಿಸಿ ಕೂಡಿಸಿಬಿಟ್ಟರೆ ಸಾಕು, ಒಳಗೆ ಗಾಳಿ ಸಿಗದೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಎಂಜಿನ್ನು ಎಷ್ಟು ಕುಣಿದರೂ ಬೋಲ್ಟು ಅಲುಗುತ್ತಿರಲಿಲ್ಲ. ಅಣ್ಣ ಆ ಬಾಟಲಿಯನ್ನು ಅಪ್ಪ ಗಂಗೆಯ ತಂಬಿಗೆಯನ್ನು ಕಾಪಾಡುವಂತೆ ಕಾಪಾಡುತ್ತಿದ್ದ.

ತಾಪತ್ರಯ ಇದ್ದದ್ದು ಬಿಚ್ಚುವಾಗ. ಮುಂದಿನ ವರ್ಷ ಎಂಜಿನ್ನು ತಿರುಗಿ ರಿಪೇರಿಗೆ ಬಂದರೆ ಆ ಅಂಟು ಬೋಲ್ಟಿನ ಆಟೆಗಳಲ್ಲಿ, ಅಂದರೆ ಮೈಸುತ್ತ ಇರುವ ಹಲ್ಲುಗಳ ಸಂದಿನಲ್ಲಿ, ಒಣಗಿ ಕೂತಿರುತ್ತಿತ್ತು. ಬೋಲ್ಟು ಕೂಡುವ ತೂತಿನೊಳಗೂ ಹಾಗೆಯೇ. ಅದರ ಮೇಲೇ ಹೊಸ ಅಂಟು ಹಾಕಿದರೆ ಹಿಡಿಯುವುದಿಲ್ಲ. ಎಣ್ಣೆಯ ಪಸೆ ಇದ್ದರಂತೂ ಮೊದಲೇ ಹಿಡಿಯುವುದಿಲ್ಲ. ಹಳೆಯದೆಲ್ಲ ಹೋಗಬೇಕು, ಲೋಹ ಬರಿಮೈಯಾಗಬೇಕು. ಆ ಕೆಲಸ ನನಗೆ ಬಂತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ಮಾಡುತ್ತಿದ್ದೆ. ಅಣ್ಣ ಬೋಲ್ಟನ್ನು ಬೆಂಕಿಗೆ ಹಿಡಿದು ಕಾಯಿಸಿ ಕೊಡುವನು, ಬಿಸಿಗೆ ಅಂಟು ಮೆತ್ತಗಾಗುವುದು. ಆರಿದ ಮೇಲೆ ನಾನು ತಂತಿಯ ಬ್ರಷ್‌ನಿಂದ ತಿಕ್ಕುವೆ. ಉಳಿದದ್ದನ್ನು ಆಟೆ ಆಟೆ ಹಿಡಿದು ದಬ್ಬಣದ ಮೊನೆಯಿಂದ ಕೆರೆದು ತೆಗೆಯುವೆ. ಕೆಂಪು ಪುಡಿ ಕುಂಕುಮದ ಹಾಗೆ ಮಡಿಲಿಗೆ ಉದುರುತ್ತಿತ್ತು. ಕಡೆಗೆ ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿ ಬಿಳಿ ಬಟ್ಟೆಯ ಮೇಲೆ ಇಟ್ಟರೆ, ಅಲ್ಲಿಂದ ಅದು ಮಡಿ. ಮುಟ್ಟಿದರೆ ಕೈಯ ಜಿಡ್ಡು ಹತ್ತುತ್ತದೆ.

ತೂತುಗಳ ಕೆಲಸ ಇನ್ನೂ ನಾಜೂಕು. ಆಚೆಯಿಂದ ಈಚೆಗೆ ಹೋಗುವ ತೂತಾದರೆ ಚಿಂತೆ ಇಲ್ಲ. ಕೆಲವು ತೂತುಗಳಿಗೆ ತಳ ಇರುತ್ತದೆ. ಅಣ್ಣ ಅವನ್ನು ಬಾವಿ ಎನ್ನುತ್ತಿದ್ದ. ಬಾವಿಯ ಆಟೆಗಳನ್ನು ಕೆರೆದರೆ ಪುಡಿಯೆಲ್ಲ ತಳಕ್ಕೆ ಬೀಳುತ್ತದೆ, ತೊಳೆದ ಪೆಟ್ರೋಲೂ ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಅವನು ಸೈಕಲ್ ಪಂಪಿನ ಬಾಯಿಗೆ ಸಪೂರ ಕೊಳವೆ ಹಾಕಿಸಿದ್ದ. ಅದನ್ನು ಬಾವಿಯೊಳಗೆ ಇಳಿಸಿ ಊದಿ ಊದಿ ಒಣಗಿಸಬೇಕು.

“ಬಾವಿಯೊಳಗ ಒಂದು ಹನಿ ಉಳಿದ್ರೂ ಬೋಲ್ಟ್ ಬಿಗಿಯೂ ಮುಂದ ಅದಕ್ಕ ಹೋಗ್ಲಿಕ್ಕೆ ಹಾದಿ ಇರೂದಿಲ್ಲ” ಎಂದು ಅಣ್ಣ ಮೊದಲ ದಿನವೇ ಹೇಳಿದ್ದ. “ಹಾದಿ ಇಲ್ದ ನೀರು ಬೀಡು ಸೀಳಿ ಹೊರಗ ಬರ್ತದ.”

ಬೀಡು ಅಂದರೆ ಎರಕದ ಕಬ್ಬಿಣ. ಬಲು ಗಟ್ಟಿ, ಆದರೆ ಮಣಿಯುವುದು ಗೊತ್ತಿಲ್ಲ. ಮಣಿಯುವ ಬದಲು ಸೀಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಎರಡು ಉದಾಹರಣೆ ನಡೆದಾಡಿಕೊಂಡಿದ್ದವು ಎಂದು ನಾನು ಓರಗೆಯ ಹುಡುಗಿಯರ ಮುಂದೆ ಚೇಷ್ಟೆ ಮಾಡುತ್ತಿದ್ದೆ.

ಆ ವರ್ಷ ದಸರೆಗೆ ಮುಂಚೆ ದೇಗಾಂವದ ಗೌಡರೊಬ್ಬರು ತಮ್ಮ ಗಾಣದ ಎಂಜಿನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಎಷ್ಟೇ ಕಬ್ಬು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋದರೂ ಮನೆಯ ಬೆಲ್ಲ ಮನೆಯಲ್ಲೇ ಆಗಬೇಕು ಎನ್ನುವ ಪೈಕಿ ಅವರು. ದೀಪಾವಳಿ ಆದಕೂಡಲೇ ಗಾಣ ಹೂಡಬೇಕಿತ್ತು. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಎಂಜಿನ್ನು ಇಳಿಸಿ, ನಮ್ಮ ಕಟ್ಟೆಗೆ ಬಂದು ಅಪ್ಪನ ಎದುರು ಕೂತು, ನಾನು ಕೊಟ್ಟ ಚಹಾ ಕುಡಿಯುತ್ತಾ ಸಹಜವಾಗಿ ಕೇಳಿಬಿಟ್ಟರು:

“ಭಟ್ರ, ಖಂಡೇಪೂಜಿ ದಿನ ನಿಮ್ಮ ಮಗನ ವರ್ಕ್‌ಶಾಪಿನ್ಯಾಗ ಪೂಜಿ ನೀವ ಮಾಡೂದ ಹೌದಲ್ರಿ? ನಮ್ಮ ಎಂಜಿನ್ನೂ ಅಲ್ಲೇ ಐತಿ. ಅದಕ್ಕೂ ನಿಮ್ಮ ಕೈಲೆ ನಾಕು ಅಕ್ಷತಿ ಬಿದ್ರ ನಮಗ ಸಮಾಧಾನ ನೋಡ್ರಿ.”

ಅಪ್ಪ ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ನೋಡಿದರು. ಅಣ್ಣ ನೆಲ ನೋಡಿದ. ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯಂದು, ವರ್ಕ್‌ಶಾಪಿನ ಪೂಜೆಯನ್ನು ಪ್ರತಿವರ್ಷ ಅಣ್ಣನೇ ಮಾಡಿಕೊಳ್ಳುತ್ತಿದ್ದ. ಅಪ್ಪ ಊರವರ ಅಂಗಡಿಗಳಿಗೆಲ್ಲ ಹೋಗಿ ತಕ್ಕಡಿಗೆ, ಹೊಲಿಗೆ ಮಷಿನ್ನಿಗೆ ಪೂಜೆ ಮಾಡಿ ಬರುತ್ತಿದ್ದರು. ಮಗನ ಸುತ್ತಿಗೆಗಳಿಗೆ, ಬೋಲ್ಟು ಬಿಗಿಯುವ ಪಾನಾಗಳಿಗೆ ಮಾತ್ರ ಅವರ ಕೈಯ ಹೂವು ಬಿದ್ದಿರಲಿಲ್ಲ. ಕರೆಯದೆ ಪೂಜೆಗೆ ಹೋಗಬಾರದು ಎಂಬುದು ಅವರ ಕಟ್ಟುನಿಟ್ಟು. ಒಲ್ಲೆ ಎಂದಾರು ಎಂದು ಅಣ್ಣ ಕರೆದಿರಲಿಲ್ಲ.

“ಕರದ್ರ ಬರ್ತೇನಿ” ಎಂದರು ಅಪ್ಪ. ಗೌಡರಿಗೆ ಹೇಳಿದ್ದೋ ಅಣ್ಣನಿಗೆ ಹೇಳಿದ್ದೋ ಸ್ಪಷ್ಟವಾಗಲಿಲ್ಲ.

ಅಣ್ಣ ತಲೆ ಎತ್ತಿ, “ಬರ್ರಿ, ಅಪ್ಪಾ” ಎಂದ. ಎಷ್ಟೋ ವರ್ಷಗಳ ಮೇಲೆ ಅವನು ನನ್ನನ್ನು ನಡುವೆ ಹಾಕದೆ ಆಡಿದ ಮೊದಲ ಮಾತು ಅದು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಸುಮ್ಮನೆ ಅತ್ತೆ. ಗೌಡರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆ ವಾರವೆಲ್ಲ ನಾನು ಗೌಡರ ಎಂಜಿನ್ನಿನ ಬೋಲ್ಟುಗಳನ್ನು ಹಿಂದೆಂದೂ ತಿಕ್ಕದ ಹಾಗೆ ತಿಕ್ಕಿದೆ. ಗಾಲಿಯ ಅಚ್ಚು ಕೂಡುವ ಕಡೆ, ಬೀಡಿನ ಮೈಯಲ್ಲಿ ಸುತ್ತಲೂ ಬಾವಿ ತೂತುಗಳಿದ್ದವು. ಅಣ್ಣ ಆ ಮೈಯನ್ನು ಮೇಲೆ ಮಾಡಿ ಹಲಗೆಯ ಮೇಲೆ ಮಲಗಿಸಿಕೊಟ್ಟ. ಒಂದೊಂದನ್ನೂ ಕೆರೆದು, ತೊಳೆದು, ಪಂಪಿನಿಂದ ಊದಿ, ಕನ್ನಡಿಯಲ್ಲಿ ಬಿಸಿಲು ಹಿಡಿದು ಒಳಗೆ ಬಿಟ್ಟು ನೋಡಿದೆ. ಹೊಸ ಪಾತ್ರೆಯ ತಳದ ಹಾಗೆ ಹೊಳೆಯುತ್ತಿದ್ದವು. ಅಪ್ಪ ಬರುತ್ತಾರೆ, ನೋಡುತ್ತಾರೆ, ಇಲ್ಲಿಯೂ ಮಡಿ ಇದೆ ಎಂದು ಅವರಿಗೆ ತಿಳಿಯಬೇಕು ಎಂಬ ಹಟ ನನ್ನದು.

ಖಂಡೇನವಮಿಯ ಬೆಳಿಗ್ಗೆ ಅಪ್ಪ ಮಡಿಯುಟ್ಟು, ತಾಮ್ರದ ಪಂಚಪಾತ್ರೆ ತುಂಬ ನೀರು ಹಿಡಿದು ಹಿತ್ತಲ ಬಾಗಿಲು ದಾಟಿ ಬಂದರು. ತಗಡಿನ ಕೆಳಗೆ ನಿಂತು ಸುತ್ತ ನೋಡಿದರು. ಅಣ್ಣ ಎಲ್ಲ ಸಾಮಾನು ತೊಳೆದು ಪೀಠದ ಮೇಲೆ ಸಾಲಾಗಿ ಜೋಡಿಸಿದ್ದ. ಬಿಳಿ ಅರಿವೆಯ ಮೇಲೆ ಬೋಲ್ಟುಗಳಿದ್ದವು.

“ಇವನ್ನ ಯಾರು ತಿಕ್ಕ್ಯಾರ?” ಎಂದು ಕೇಳಿದರು.

“ನಾ” ಎಂದೆ.

“ಮುಟ್ಟಬಾರದ್ರಿ ಅವನ್ನ” ಎಂದ ಅಣ್ಣ, ಅಂಜುತ್ತಲೇ. “ಕೈ ಜಿಡ್ಡು ಹತ್ತಿದ್ರ ಕೆಡ್ತಾವ.”

ಅಪ್ಪ ನಕ್ಕರು. “ಹಂಗಾರ ಮಡಿ ಅನ್ನು.” ಬೋಲ್ಟುಗಳ ಮೇಲೆ ದೂರದಿಂದಲೇ ಒಂದೊಂದು ಹೂವಿನ ಎಸಳು ಹಾಕಿದರು.

ಅಲ್ಲಿಗೇ ನಿಂತಿದ್ದರೆ! ಆದರೆ ಅಪ್ಪನಿಗೆ ಆ ದಿನ ಉಕ್ಕಿ ಬಂದಿತ್ತು. ಇಷ್ಟು ವರ್ಷ ಮಗನಿಗೆ ಮಾಡದ ಪೂಜೆಯನ್ನೆಲ್ಲ ಒಂದೇ ದಿನ ಮಾಡಿ ಮುಗಿಸುವ ಆತುರ ಕಂಡಿತು. ಊರ ಅಂಗಡಿಗಳಲ್ಲಿ ತುಳಸಿ ದಳದಿಂದ ನಾಲ್ಕು ಹನಿ ಸಿಡಿಸಿ ಮುಂದೆ ನಡೆಯುವ ಮನುಷ್ಯ, ಅಲ್ಲಿ ಗೌಡರ ಎಂಜಿನ್ನಿನ ಮುಂದೆ ಕೂತು ಪೂರಾ ಮಂತ್ರ ಹೇಳುತ್ತಾ, ಒಂದೊಂದು ತೂತಿಗೂ ಉದ್ಧರಣೆಯ ಚಮಚದಿಂದ ನೀರು ಬಿಟ್ಟರು. ಮಗಳು ತೊಳೆದದ್ದು, ಮಗ ತೆರೆದಿಟ್ಟದ್ದು, ಒಂದೂ ಉಳಿಯಬಾರದು ಎಂದು ತೂತು ತೂತಿಗೂ ನಾಲ್ಕು ಕಾಳು ಅಕ್ಷತೆ ಹಾಕಿದರು. ಅಣ್ಣ ಅರ್ಧ ಹೆಜ್ಜೆ ಮುಂದೆ ಇಟ್ಟ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅಪ್ಪನ ಕಣ್ಣು ತುಂಬಿತ್ತು. ಅಂಥ ಹೊತ್ತಿನಲ್ಲಿ ‘ನೀರು ಹಾಕಬ್ಯಾಡ್ರಿ’ ಎನ್ನುವ ಬಾಯಿ ಯಾರಿಗಿದೆ? ಅಣ್ಣ ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡ.

ಪೂಜೆ ಆದ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲ. ಅದು ನಮ್ಮ ಕಡೆಯ ಪದ್ಧತಿ. ಮಾರನೆಯ ದಿನ ವಿಜಯದಶಮಿ, ಆಗ ಕೆಲಸಕ್ಕೆ ಕೈ ಹಚ್ಚಬೇಕು. ಅಣ್ಣನಿಗೆ ಲೆಕ್ಕ ಗೊತ್ತಿತ್ತು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬಾವಿಗಳನ್ನೆಲ್ಲ ಊದಿ, ಒಣಗಿಸಿ, ಪೆಟ್ರೋಲು ಹಚ್ಚಿ ಒರೆಸಿದರೆ ಆಯಿತು. ಆದರೆ ಮಾರನೆಯ ಬೆಳಿಗ್ಗೆ ಅವನಿಗಿಂತ ಮೊದಲು ಅಪ್ಪ ಎದ್ದು, ನಮ್ಮ ಮನೆಯ ಕಟ್ಟಿಗೆಯ ಖುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಪಂಚಾಂಗ.

“ಮುಹೂರ್ತ ಛಲೋ ಅದ. ಈಗ ಕೂಡಿಸು, ನಾ ನೋಡ್ತೇನಿ.”

ಅಣ್ಣ ಸೈಕಲ್ ಪಂಪಿನ ಕಡೆ ನೋಡಿದ. ತೀರ್ಥವನ್ನು ಪಂಪಿನಿಂದ ಊದಿ ಎಣ್ಣೆಗಟ್ಟಿದ ಗೋಡೆಗೆ, ಎಲ್ಲರ ಕಾಲಿನ ಮೇಲೆ ಸಿಡಿಸುವುದೆ? ಅದೂ ಹಾಕಿದವರ ಕಣ್ಣೆದುರು? ಎಂಜಿನ್ನನ್ನು ಮಗುಚಿ ಅಕ್ಷತೆಯನ್ನು ನೆಲಕ್ಕೆ ಸುರಿಯುವುದೆ? ಬೇರೆ ಯಾರ ಮಗನಾಗಿದ್ದರೂ ಹಾಗೆ ಮಾಡುತ್ತಿದ್ದನೇನೋ. ಪುರೋಹಿತನ ಮಗ ಹಾಗೆ ಮಾಡಲಿಲ್ಲ. ತೀರ್ಥವನ್ನು ತುಳಿಯಬಾರದು ಎನ್ನುವುದು ಅವನಿಗೆ ಪಾನಾ ಹಿಡಿಯುವುದಕ್ಕಿಂತ ಮೊದಲು ಕಲಿಸಿದ ಪಾಠ. ಅವನು ಅರಿವೆಯನ್ನು ಬತ್ತಿಯಂತೆ ಹೊಸೆದು ಒಂದೊಂದು ಬಾವಿಗೂ ಇಳಿಸಿ, ನೀರು ಹೀರಿಸಿ, ಭಕ್ತಿಯಿಂದ ಒಂದು ತಂಬಿಗೆಯಲ್ಲಿ ಹಿಂಡಿದ. ಅಪ್ಪನಿಗೆ ಅದು ಬಹಳ ಮೆಚ್ಚಿಗೆಯಾಯಿತು. ಅಕ್ಷತೆಯ ಕಾಳುಗಳು ನೆನೆದು ಉಬ್ಬಿ ತಳಕ್ಕೆ ಅಂಟಿದ್ದವು. ಅಣ್ಣ ದಬ್ಬಣಕ್ಕೆ ಸಿಕ್ಕಷ್ಟನ್ನು ಎತ್ತಿದ. ಬಿಳಿ ಅರಿವೆಯಿಂದ ಬೋಲ್ಟು ತೆಗೆದು, ಕೆಂಪು ಅಂಟಿನ ಹನಿ ಹಾಕಿ, ಒಂದೊಂದಾಗಿ ಕೂಡಿಸುತ್ತಾ ಹೋದ. ಕೊನೆಯದನ್ನು ಬಿಗಿಯುವಾಗ ಪಾನಾ ಒಂದು ಕ್ಷಣ ತಡೆಯಿತು. ಮತ್ತೆ ಎಳೆದ.

‘ಟಿಕ್’ ಎಂದಿತು.

ನಾನು ನೋಡಿದೆ. ತೂತಿನ ಬದಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಅದರಲ್ಲಿ ಒಂದು ಹನಿ ನೀರು ಮೂಡಿ ನಿಂತಿತು. ಅಣ್ಣ ಅದರ ಮೇಲೆ ಅಂಗೈ ಇಟ್ಟ.

“ಏನದು ಸಪ್ಪಳ?” ಎಂದರು ಅಪ್ಪ.

“ಬೋಲ್ಟ್ ಕೂತಿತ್ರಿ, ಅಪ್ಪಾ.”

“ಹಂಗ ಕೂಡಬೇಕು ನೋಡು!” ಅಪ್ಪ ಸಂತೋಷದಿಂದ ಎದ್ದರು. ಆ ದಿನ ಸಂಜೆ ಬನ್ನಿ ಮುಡಿದು ಬಂದವರು ಮೊದಲ ಬನ್ನಿಯನ್ನು ನನ್ನ ಕೈಗೆ ಕೊಡದೆ ಸೀದಾ ಅಣ್ಣನ ಕೈಗೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದರು. ಅಣ್ಣ ಅವರ ಕಾಲಿಗೆ ಬಿದ್ದ. ಬಿದ್ದವನು ಏಳಲು ತುಸು ತಡ ಮಾಡಿದ.

ಸೀಳಿದ ಬೀಡು ಬೆಸುಗೆಗೆ ಒಗ್ಗಲಿಲ್ಲ. ಅಣ್ಣ ಅದನ್ನು ಬೆಳಗಾವಿಗೆ ಒಯ್ದು ಬೇರೆ ಎರಕ ಹೊಯ್ಯಿಸಿ ತರುವ ಹೊತ್ತಿಗೆ ದೇಗಾಂವದಲ್ಲಿ ಉಳಿದವರ ಗಾಣಗಳು ತಿರುಗಿ ಬೆಲ್ಲದ ವಾಸನೆ ಊರೆಲ್ಲ ಹರಡಿತ್ತಂತೆ. ಗೌಡರು ಬಂದು ನಮ್ಮ ಹಿತ್ತಲಲ್ಲಿ ನಿಂತು ಕೂಗಾಡಿದರು.

“ಏನ್ ಮಾಡಿದ್ಯೋ ತಮ್ಮಾ ನಮ್ಮ ಎಂಜಿನ್ನಿಗೆ? ಕಲ್ಲಿನಂಥಾ ಬೀಡು ಅದು, ತಾನ ಸೀಳತೈತೇನು?”

“ನಾ ಜಾಸ್ತಿ ಬಿಗದ್ನಿರಿ, ಗೌಡ್ರ. ನನ್ನ ತಪ್ಪು” ಎಂದ ಅಣ್ಣ.

“ಭಟ್ರ ಮಗಾ ಅಂತ ನಂಬಿದ್ವಿ. ಅಪ್ಪನ ಹಂಗ ಗಂಟಿ ಬಾರಿಸ್ಕೊಂಡ್ ಇದ್ದಿದ್ರ ಆಗತಿತ್ತು ನೋಡು!”

ಅಪ್ಪ ಪಡಸಾಲೆಯಲ್ಲಿದ್ದರು. ಎಲ್ಲವೂ ಕೇಳಿಸಿತ್ತು. ಗೌಡರು ಹೋದ ಮೇಲೆ ನನ್ನನ್ನು ಕರೆದು, “ಅಂವ ಎಂದೂ ಹಂಗ ಮಾಡಾಂವಲ್ಲ. ಏನಾತು ಖರೇ ಹೇಳು” ಎಂದರು.

“ಬೀಡು ಹಳೇದಿತ್ತಂತ” ಎಂದೆ. ಅಣ್ಣ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಅಪ್ಪ ಇಷ್ಟು ವರ್ಷಕ್ಕೆ ಒಂದು ದಿನ ಬಂದಾರ, ಅವರು ಬಂದದ್ದಕ್ಕ ಹಿಂಗಾತು ಅಂತ ಅವರ ಕಿವಿಗೆ ಬೀಳಬಾರದು, ಬಿದ್ದರ ಅವರು ಪಂಚಪಾತ್ರಿ ಮುಟ್ಟೂದ ಬಿಡ್ತಾರ ಎಂದಿದ್ದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆ ವರ್ಷ ನಮ್ಮ ಮನೆ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪಂಕ್ತಿಯಲ್ಲಿ ಮಾತು ನನ್ನನ್ನು ದಾಟಿ ಅವರಿಬ್ಬರ ನಡುವೆಯೇ ಓಡಾಡತೊಡಗಿತು. ಅಪ್ಪ ಊರಿಂದೂರಿಗೆ ಹೋದಾಗ ಕಂಡ ಎಂಜಿನ್ನುಗಳ ಸುದ್ದಿ ತರುತ್ತಿದ್ದರು. ಸುರೇಬಾನದ ಹತ್ತಿರ ಬಸ್ಸು ಕೆಟ್ಟು ನಿಂತಾಗ ಡ್ರೈವರನಿಗೆ, “ಬೋಲ್ಟ್ ಸಡ್ಲಾಗಿರಬೇಕು ನೋಡ್ರಿ, ನಮ್ಮ ಮಗನ ಹತ್ರ ಕೆಂಪು ಅಂಟು ಅದ” ಎಂದು ಹೇಳಿ ಬಂದಿದ್ದರಂತೆ. ನಾನೂ ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅಪ್ಪ ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತರೆ ಅಣ್ಣನ ಕೈ ತಾನಾಗಿ ಬಾವಿ ತೂತುಗಳನ್ನು ಅರಿವೆಯಿಂದ ಮುಚ್ಚುತ್ತಿತ್ತು. ನಾನು ಅದನ್ನು ಕಂಡಿದ್ದೆ. ಅಪ್ಪನೂ ಕಂಡಿರಬೇಕು.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಪಂಪಿನಿಂದ ಯಾವುದೋ ಎಂಜಿನ್ನಿನ ಬಾವಿಗಳನ್ನು ಊದುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ಬಹಳ ಹೊತ್ತು ನೋಡಿದರು.

“ಇಷ್ಟ್ಯಾಕ ಊದ್ತೀ, ಕೂಸ? ಬಿಸಲಿಗೆ ತಾನ ಆರ್ತದಲ್ಲ?”

“ಆರೂದಿಲ್ರಿ, ತಳಾ ಇರ್ತದ ಇದಕ್ಕ. ಒಂದು ಹನಿ ಉಳದು ಬೋಲ್ಟ್ ಬಿಗದ್ರ ಬೀಡು ಸೀಳ್ತದ” ಎಂದುಬಿಟ್ಟೆ. ಕೆಲಸದ ಲಹರಿಯಲ್ಲಿ ಬಾಯಿಂದ ಬಂದ ಮಾತು. ಬಂದ ಮೇಲೆ ನನ್ನ ಕೈ ಪಂಪಿನ ಮೇಲೆ ಹಾಗೇ ನಿಂತಿತು.

ಅಪ್ಪ ಬಿಳಿ ಅರಿವೆಯ ಮೇಲಿನ ಬೋಲ್ಟುಗಳನ್ನು ನೋಡುತ್ತಾ ಕೂತಿದ್ದು, ಜನಿವಾರ ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ಆ ರಾತ್ರಿ ಊಟ ಎಂದಿನಂತೆ ಮಾಡಿದರು, ಅಣ್ಣನ ಜೊತೆ ಎಂದಿನಂತೆ ಮಾತಾಡಿದರು. ಅವರಿಗೆ ಎಂಜಿನ್ನಿನ ವಿಷಯ ಎಲ್ಲಿ ಹೊಳೆಯಬೇಕು, ಎಂದು ನಾನು ಸಮಾಧಾನ ಮಾಡಿಕೊಂಡೆ. ಅಣ್ಣನಿಗೆ ಹೇಳಿ ಸುಮ್ಮನೆ ಯಾಕೆ ಅವನ ಜೀವ ತಿನ್ನಬೇಕು ಎಂದುಕೊಂಡೆ.

ಮತ್ತೆ ದಸರೆ ಬಂತು. ವರ್ಕ್‌ಶಾಪಿನಲ್ಲಿ ಗಾಣದ ಎಂಜಿನ್ನುಗಳು ಮೈ ಬಿಚ್ಚಿಕೊಂಡು ಮಲಗಿದ್ದವು. ಖಂಡೇನವಮಿ ಹತ್ತಿರವಾದಂತೆ ಅಣ್ಣನಿಗೆ ಅನ್ನ ರುಚಿಸಲಿಲ್ಲ. ಅಪ್ಪನನ್ನು ಕರೆದರೆ ನೀರು ಹಾಕುತ್ತಾರೆ. ಹಾಕಬೇಡಿ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಹೋದ ವರ್ಷದ್ದು ತಿಳಿಯುತ್ತದೆ. ಅವನು ನನ್ನ ಮುಂದೆ ಇದನ್ನೆಲ್ಲ ಹೇಳಿ, ಕಡೆಗೆ ತಾನೇ ಒಂದು ಹಾದಿ ಹುಡುಕಿಕೊಂಡ. ಹಬ್ಬದ ದಿನ ಬೆಳಕು ಹರಿಯುತ್ತಲೇ ಸ್ನಾನ ಮಾಡಿ, ತಾನೇ ಪೂಜೆ ಮುಗಿಸಿಬಿಟ್ಟ. ಅಪ್ಪನಿಗೆ ವಯಸ್ಸಾಯಿತು, ಊರ ಅಂಗಡಿಗಳ ಪೂಜೆಯೇ ಅವರಿಗೆ ಬೇಕಾದಷ್ಟಿದೆ, ದಣಿಯುವುದು ಬೇಡ ಎಂದು ಹೇಳಿದರಾಯಿತು ಎಂಬುದು ಅವನ ಯೋಚನೆ.

ಅಪ್ಪ ಆ ದಿನ ಊರ ಅಂಗಡಿಗಳಿಗೆ ಹೋಗಿರಲಿಲ್ಲ. ಎಲ್ಲರಿಗೂ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ಮಡಿಯುಟ್ಟು, ಗಂಧ ಹಚ್ಚಿಕೊಂಡು, ಪಂಚಪಾತ್ರೆಯನ್ನು ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಹಿತ್ತಲ ಬಾಗಿಲ ಕಡೆಗೇ ಮುಖ. ಕರೆಯದೆ ಪೂಜೆಗೆ ಹೋಗಬಾರದಲ್ಲ.

ಅಣ್ಣ ಆರತಿ ತಟ್ಟೆ ಹಿಡಿದು ಬಂದವನು ಅವರನ್ನು ಕಂಡು ಹೊಸ್ತಿಲಲ್ಲಿಯೇ ನಿಂತ. “ಪೂಜಿ ಮುಗೀತ್ರಿ, ಅಪ್ಪಾ. ನಿಮಗ್ಯಾಕ ತ್ರಾಸ ಅಂತ ನಾನ…”

ಅಪ್ಪ ಅವನ ಮುಖವನ್ನೇ ನೋಡಿದರು. ಆಮೇಲೆ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. “ಛಲೋ ಮಾಡ್ದಿ” ಎಂದರು. “ನಿನಗೂ ಮಂತ್ರ ಬರ್ತಾವಲ್ಲ.” ಎದ್ದು ಒಳಗೆ ಹೋಗಿ ಮಡಿ ಬಿಚ್ಚಿಟ್ಟರು.

ಪಂಚಪಾತ್ರೆ ಮಣೆಯ ಮುಂದೆಯೇ ಉಳಿದಿತ್ತು. ಅದರ ನೀರನ್ನು ತುಳಸಿಗೆ ಹಾಕೋಣವೆಂದು ನಾನು ಎತ್ತಿದೆ. ಭಾರ ಇರಲಿಲ್ಲ. ಒಳಗೆ ನೋಡಿದರೆ ಒಂದು ಹನಿ ನೀರಿಲ್ಲ. ಒರೆಸಿ ಒಣಗಿಸಿದ ತಾಮ್ರ. ಅದರೊಳಗೆ ಅಕ್ಷತೆ. ಅಕ್ಷತೆಗೆ ಅರಿಷಿಣ ಹತ್ತಲು ಯಾವಾಗಲೂ ತುಸು ನೀರು ಚಿಮುಕಿಸುತ್ತಾರೆ. ಅಪ್ಪ ಒಣ ಅರಿಷಿಣದಲ್ಲಿಯೇ ತಿಕ್ಕಿದ್ದರು. ಬೆರಳಾಡಿಸಿದೆ. ಕಾಳು ಕಾಳು ಬಿಡಿಬಿಡಿಯಾಗಿ ಗಲಗಲ ಎಂದವು. ಪಕ್ಕದಲ್ಲಿ ಬಿಳಿ ಅರಿವೆಯ ತುಂಡೊಂದನ್ನು ಮಡಿಸಿ ಇಟ್ಟುಕೊಂಡಿದ್ದರು, ಕೈ ಒರೆಸಿಕೊಳ್ಳಲು. ಬೋಲ್ಟು ಮುಟ್ಟಬೇಕಾಗಿ ಬಂದರೆ ಜಿಡ್ಡು ಹತ್ತಬಾರದಲ್ಲ.

ಅವರಿಗೆ ಎಲ್ಲ ಗೊತ್ತಾಗಿತ್ತು. ಆ ಬೇಸಿಗೆಯ ಮಧ್ಯಾಹ್ನವೇ ಗೊತ್ತಾಗಿತ್ತು. ನೀರಿಲ್ಲದೆ ಪೂಜೆಯನ್ನು ಜೀವಮಾನದಲ್ಲಿ ಮಾಡದಿದ್ದ ಮನುಷ್ಯ, ಮಗನ ಬಾವಿಗಳಿಗಾಗಿ ನೀರನ್ನು ಬಿಟ್ಟು ಹೊರಟಿದ್ದರು, ಅವನು ಬಾಯಿ ಬಿಟ್ಟು ಹೇಳುವ ತ್ರಾಸವನ್ನೂ ತಪ್ಪಿಸಿ.

ನಾನು ಪಂಚಪಾತ್ರೆಯನ್ನು ಸೀದಾ ವರ್ಕ್‌ಶಾಪಿಗೆ ಒಯ್ದು ಅಣ್ಣನ ಮುಂದೆ ಹಿಡಿದೆ. ಅವನು ಒಳಗೆ ಬೆರಳಿಟ್ಟು ನೋಡಿದ. ಬೀಡಿನ ತೂತನ್ನು ನೋಡುವ ಹಾಗೆಯೇ ತಳಕ್ಕೆ ಬೆರಳು ಒತ್ತಿ ನೋಡಿದ. ಪಾನಾಗಳ ಪಕ್ಕದಲ್ಲಿ ಕೆಳಗೆ ಕೂತುಬಿಟ್ಟ.

“ಈಗ ಹೋಗಿ ಕರೀಲೇನು?” ಎಂದ.

ಪೂಜೆ ಆಗಿಹೋಗಿತ್ತು. ಅಪ್ಪ ಮಡಿ ಬಿಚ್ಚಿದ್ದರು. “ಮುಂದಿನ ವರ್ಷ ಎಲ್ಲಾರಕಿಂತಾ ಮೊದಲ ಕರಿಯೋಣು” ಎಂದೆ ನಾನು. ಅವನು ತಲೆಯಾಡಿಸಿದ. ಅಪ್ಪನ ಮುಂದೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಆ ಮುಂದಿನ ವರ್ಷಕ್ಕೆ ಅಪ್ಪ ಇರಲಿಲ್ಲ. ಮಳೆಗಾಲದಲ್ಲಿ ಬಂದ ಜ್ವರ ಅವರನ್ನು ಬಿಟ್ಟು ಹೋಗಲಿಲ್ಲ.

ನನ್ನ ಮದುವೆಯಾಗಿ ನಾನು ರಾಮದುರ್ಗಕ್ಕೆ ಬಂದೆ. ದಸರೆಗೆ ತವರಿಗೆ ಹೋದಾಗಲೆಲ್ಲ ಅಣ್ಣನ ಪೂಜೆ ನೋಡಿದ್ದೇನೆ. ಅಪ್ಪನ ಪಂಚಪಾತ್ರೆಯನ್ನೇ ಹಿಡಿದು, ಒಣ ಅಕ್ಷತೆ ಹಾಕಿ, ಬೋಲ್ಟುಗಳ ಮೇಲೆ ದೂರದಿಂದ ಹೂವಿನ ಎಸಳು ಬಿಟ್ಟು ಕೈ ಮುಗಿಯುತ್ತಾನೆ. ಒಮ್ಮೆ ಯಾರೋ ಗಿರಾಕಿ, “ನೀರಿಲ್ಲದ ಪೂಜಿ ಇದೆಂಥಾದ್ರಿ? ಎಲ್ಲೂ ಕಂಡಿಲ್ಲ” ಎಂದು ಕೇಳಿದರು.

“ನಮ್ಮಪ್ಪ ಹಾಕಿಕೊಟ್ಟ ಪದ್ಧತಿರಿ” ಎಂದ ಅಣ್ಣ.

ಅಪ್ಪ ಆ ಪೂಜೆಯನ್ನು ಒಂದು ಸಲವೂ ಮಾಡಿರಲಿಲ್ಲ. ಮಗ ಕರೆಯುತ್ತಾನೆಂದು ಕಾದು ಕೂತಿದ್ದರು, ಅಷ್ಟೆ.